ಜ್ಯೂಸಿನಲ್ಲಿರೋ ‘ಫ್ಲೈಶ್’ಗೆ ಹೆದರಬೇಡಿ, ಸೂಪಿನಲ್ಲಿ ಇಲ್ಲ ಅನ್ನೋದನ್ನ ನಂಬಬೇಡಿ

ಜರ್ಮನಿಯ ಅಂಗಡಿಯಲ್ಲಿ ಕಿತ್ತಳೆ ಜ್ಯೂಸಿನ ಮೇಲೆ ‘ಮಿಟ್ ಫ್ರುಖ್ಟ್‌ಫ್ಲೈಶ್’ ಅಂತ ಇತ್ತು, ಫ್ಲೈಶ್ ಅಂದ್ರೆ ಮಾಂಸ ಅಂತ ನೋಡಿ ಅಲ್ಲೇ ಇಟ್ಟು ಬಂದೆ ಅಂತ ಬರೆದಿದ್ದೀರಿ. ನಗು ಬಂತು, ಬೇಜಾರಾಗಬೇಡಿ. ಜರ್ಮನಿಗೆ ಬಂದ ಹೊಸದರಲ್ಲಿ ನಾನೂ ಅದನ್ನೇ ಮಾಡಿದ್ದೆ. ನಾವು ಹಣ್ಣಿನ ತಿರುಳು ಅನ್ನೋದನ್ನ ಇವರು ಹಣ್ಣಿನ ಮಾಂಸ ಅಂತಾರೆ, ಅಷ್ಟೇ. ತಿರುಳು ಬೇಡ ಅಂದ್ರೆ ‘ಓನೆ ಫ್ರುಖ್ಟ್‌ಫ್ಲೈಶ್’ ಅಂತಿರೋದು ತಗೊಳ್ಳಿ. ದಪ್ಪ ತಿರುಳಿನ ದೊಡ್ಡ ಟೊಮೆಟೊ ಕೂಡ ಇಲ್ಲಿ ‘ಫ್ಲೈಶ್‌ಟೊಮಾಟೆ’. ಒಮ್ಮೆ ಹಲ್ಲಿನ ಡಾಕ್ಟರು ನಿಮ್ಮ ‘ತ್ಸಾನ್‌ಫ್ಲೈಶ್’ ಊದಿದೆ ಅಂದಾಗ, ಹುಟ್ಟಾ ಸಸ್ಯಾಹಾರಿ ನನ್ನ ಹಲ್ಲಿಗೆ ಯಾವ ಮಾಂಸ ಸಿಕ್ಕಿಕೊಂಡಿತಪ್ಪಾ ಅಂತ ಗಾಬರಿಯಾಗಿದ್ದೆ. ಅವರು ಹೇಳಿದ್ದು ಒಸಡು.

ಆ ಪದ ಇರೋ ಕಡೆಗಿಂತ ಇಲ್ಲದಿರೋ ಕಡೆ ಹುಷಾರಾಗಿರಿ. ಮೊದಲನೇ ಚಳಿಗಾಲ, ಆಫೀಸ್ ಕ್ಯಾಂಟೀನಿನಲ್ಲಿ ಬೇಳೆ ಸೂಪು. ‘ಓನೆ ಫ್ಲೈಶ್?’, ಅಂದ್ರೆ ಮಾಂಸ ಇಲ್ಲ ತಾನೇ, ಅಂತ ಕೇಳಿದೆ. ಬಡಿಸೋ ಅಮ್ಮ ‘ಯಾ, ಯಾ’ ಅಂದ್ರು. ಮೂರನೇ ಚಮಚಕ್ಕೆ ಗುಲಾಬಿ ಬಣ್ಣದ ಸಣ್ಣ ಸಣ್ಣ ಚೂರು! ತಗೊಂಡು ಹೋಗಿ ತೋರಿಸಿದ್ರೆ, ‘ಅದು ಫ್ಲೈಶ್ ಅಲ್ಲ, ಶ್ಪೆಕ್, ರುಚಿಗೆ ಹಾಕಿದ್ದು’ ಅಂತ ಅವರಿಗೇ ಆಶ್ಚರ್ಯ. ಶ್ಪೆಕ್ ಅಂದ್ರೆ ಹಂದಿಯ ಕೊಬ್ಬು, ಬಹಳ ಸಲ ಸ್ವಲ್ಪ ಮಾಂಸವೂ ಅಂಟಿಕೊಂಡಿರುತ್ತೆ. ಅವರು ಸುಳ್ಳು ಹೇಳಲಿಲ್ಲ. ಹಳೇ ಕಾಲದವರಿಗೆ ಫ್ಲೈಶ್ ಅಂದ್ರೆ ತಟ್ಟೆಯಲ್ಲಿ ಕಾಣೋ ತುಂಡು. ಶ್ಪೆಕ್ ನಮ್ಮ ಒಗ್ಗರಣೆಯ ಇಂಗಿನ ಹಾಗೆ. ಹುರಿದ ಆಲೂಗಡ್ಡೆಯಲ್ಲೂ ಬಹಳ ಸಲ ಇರುತ್ತೆ, ಆಲೂಗಡ್ಡೆ ಸಲಾಡಿನಲ್ಲೂ ಇರಬಹುದು.

ಆದ್ದರಿಂದ ಹೆಸರು ಹಿಡಿದೇ ಕೇಳಿ: ‘ಇಸ್ಟ್ ದಾ ಶ್ಪೆಕ್ ಡ್ರಿನ್?’, ಅಂದ್ರೆ ಇದರಲ್ಲಿ ಶ್ಪೆಕ್ ಇದೆಯಾ ಅಂತ. ವುರ್ಸ್ಟ್ (ಸಾಸೇಜ್), ಶಿಂಕನ್ (ಹಂದಿ ತೊಡೆಯ ಹ್ಯಾಮ್) ಬಗ್ಗೆಯೂ ಹಾಗೇ. ಪ್ಯಾಕೆಟ್ಟಿನ ಮೇಲೆ ನಮ್ಮೂರಿನ ಹಸಿರು ಚುಕ್ಕೆ ಹುಡುಕಬೇಡಿ, ಇಲ್ಲಿಲ್ಲ. ಕೆಲವದರ ಮೇಲೆ ಸಸ್ಯಾಹಾರದ ಗುರುತಾದ ವಿ-ಲೇಬಲ್ ಇರುತ್ತೆ. ಇಲ್ಲದಿದ್ರೆ ಸಣ್ಣ ಅಕ್ಷರದ ಪಟ್ಟಿಯನ್ನ ಓದಲೇಬೇಕು. ಮಕ್ಕಳ ಜೆಲ್ಲಿ ಮಿಠಾಯಿಯಲ್ಲಿ ‘ಗೆಲಟೀನೆ’ ಅಂತಿದ್ರೆ ಅದು ಪ್ರಾಣಿಯದ್ದು, ಬಹಳ ಸಲ ಹಂದಿಯದ್ದೇ.

ನಿಮ್ಮ ಯಜಮಾನರು ಮಾಂಸ ತಿಂತಾರೆ, ಆದ್ರೆ ದನದ್ದು, ಹಂದಿಯದ್ದು ಬೇಡ ಅಂದಿರಿ. ಖೀಮಾ ಇಲ್ಲಿ ‘ಹಾಕ್‌ಫ್ಲೈಶ್’. ‘ಗೆಮಿಶ್ಟ್’ ಅಂತ ಬರೆದಿದ್ರೆ ಆ ಎರಡೂ ಸೇರಿರುತ್ತೆ. ಕುರಿಮಾಂಸಕ್ಕೆ ಟರ್ಕಿಯವರ ಅಂಗಡಿಗೆ ಹೋಗಿ ‘ಲಾಮ್‌ಫ್ಲೈಶ್’ ಅಂತ ಕೇಳಲಿ, ಎದುರಿಗೇ ರುಬ್ಬಿಸಿಕೊಳ್ಳಬಹುದು. ಇನ್ನು ‘ಫ್ಲೈಶ್‌ಸಲಾಟ್’ ಅನ್ನೋ ಡಬ್ಬಿ ಕಂಡ್ರೆ ತರಕಾರಿ ಸಲಾಡ್ ಅಂತ ತರಬೇಡಿ. ಮೇಯೊನೇಸಿನಲ್ಲಿ ಕಲಸಿದ ವುರ್ಸ್ಟ್ ಅದು. ಜ್ಯೂಸ್ ಮಾತ್ರ ಧೈರ್ಯವಾಗಿ ತನ್ನಿ.