ಹಳೆ ಹೈಬ್ರಿಡ್ ಕಾರು: ಬ್ಯಾಟರಿಗೆ ಹೆದರಬೇಕಾ?

ಪ್ರಶ್ನೆ: ಸರ್, ನಾನು ವಿಜಯನಗರದಿಂದ ಮಾರತ್‌ಹಳ್ಳಿಗೆ ಕೆಲಸಕ್ಕೆ ಹೋಗುತ್ತೇನೆ. ಹೋಗಿ ಬರಲು ದಿನಕ್ಕೆ ಸುಮಾರು 50 ಕಿ.ಮೀ. ವರ್ಷಕ್ಕೆ ನಾಲ್ಕು ಸಲ ಸಾಗರಕ್ಕೆ, ತವರಿಗೆ. ಪರಿಚಯದವರೊಬ್ಬರು 2023ರ ಗ್ರ್ಯಾಂಡ್ ವಿಟಾರ ಹೈಬ್ರಿಡ್ ಮಾರುತ್ತಿದ್ದಾರೆ. 52 ಸಾವಿರ ಕಿ.ಮೀ. ಓಡಿದೆ, 14 ಲಕ್ಷ ಹೇಳುತ್ತಿದ್ದಾರೆ. ಅದೇ ಕಾರಿನ ಮಾಮೂಲಿ ಪೆಟ್ರೋಲ್ ಗಾಡಿ ಹನ್ನೊಂದೂವರೆಗೆ ಸಿಗುತ್ತಿದೆ. ‘ಬ್ಯಾಟರಿ ಹೋದ್ರೆ ಲಕ್ಷಗಟ್ಟಲೆ ಖರ್ಚು, ಬೇಡ’ ಅನ್ನುತ್ತಾರೆ ನಮ್ಮ ಮಾವ. ತಗೊಳ್ಳಲಾ, ಬಿಡಲಾ?
– ಓದುಗರು, ಬೆಂಗಳೂರು

ಉತ್ತರ: ನೋಡಿ ತಂಗಿ, ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಅದು ನಿಜವಾದ ಹೈಬ್ರಿಡ್ಡೇ? ಗ್ರ್ಯಾಂಡ್ ವಿಟಾರದಲ್ಲಿ ‘ಸ್ಮಾರ್ಟ್ ಹೈಬ್ರಿಡ್’ ಅಂತ ಒಂದಿದೆ, ‘ಸ್ಟ್ರಾಂಗ್ ಹೈಬ್ರಿಡ್’ ಅಂತ ಇನ್ನೊಂದಿದೆ. ಬರೀ ಬ್ಯಾಟರಿಯಲ್ಲೂ ಸ್ವಲ್ಪ ದೂರ ಓಡಬಲ್ಲ ಈ ಎರಡನೆಯದೇ ನಿಜವಾದ ಹೈಬ್ರಿಡ್. ಮೊದಲನೆಯದರಲ್ಲಿ ಚಿಕ್ಕ ಮೋಟಾರ್ ಎಂಜಿನ್‌ಗೆ ಸ್ವಲ್ಪ ಕೈ ಜೋಡಿಸುತ್ತದೆ, ಅಷ್ಟೇ. ಬರೀ ಬ್ಯಾಟರಿಯಲ್ಲಿ ಅದು ಒಂದಡಿಯೂ ಚಲಿಸದು. ನೀವು ‘ಮಾಮೂಲಿ ಪೆಟ್ರೋಲ್’ ಅಂದ ಹನ್ನೊಂದೂವರೆ ಲಕ್ಷದ ಗಾಡಿಯೇ ಅದು. ಮಾರುವವರು ಎರಡನ್ನೂ ಹೈಬ್ರಿಡ್ ಅಂತಲೇ ಕರೆಯುತ್ತಾರೆ. ಕ್ಲಚ್ ಪೆಡಲ್ ಇದ್ದರೆ ಅದು ಸ್ಟ್ರಾಂಗ್ ಹೈಬ್ರಿಡ್ ಅಲ್ಲವೇ ಅಲ್ಲ. ಆ ಮಾದರಿ ಆಟೊಮ್ಯಾಟಿಕ್‌ನಲ್ಲಿ ಮಾತ್ರ ಬಂದಿದೆ.

ಸ್ಟ್ರಾಂಗ್ ಹೈಬ್ರಿಡ್ಡೇ ಆಗಿದ್ದರೆ, ನಿಮ್ಮ ದಾರಿಗೆ ಹೇಳಿ ಮಾಡಿಸಿದ ಗಾಡಿ. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ ತೆವಳುವಾಗ ಎಂಜಿನ್ ಆಗಾಗ ಆಫ್ ಆಗುತ್ತದೆ. ಬ್ರೇಕ್ ಒತ್ತಿದಾಗ ಪೋಲಾಗುತ್ತಿದ್ದ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿ.ಮೀ. ನಾನು ಲೆಕ್ಕಕ್ಕೆ 21 ಹಿಡಿಯುತ್ತೇನೆ. ಪೆಟ್ರೋಲ್ ಗಾಡಿಗೆ ಆ ರಸ್ತೆಯಲ್ಲಿ 13. ನೀವು ವರ್ಷಕ್ಕೆ ಹತ್ತಿರ ಹತ್ತಿರ 15 ಸಾವಿರ ಕಿ.ಮೀ. ಓಡಿಸುತ್ತೀರಿ. ಅಂದರೆ ಸುಮಾರು 440 ಲೀಟರ್ ಉಳಿತಾಯ. ಲೀಟರಿಗೆ 103 ರೂಪಾಯಿ ಅಂದರೂ 45 ಸಾವಿರ. ಜಾಸ್ತಿ ಕೊಡುವ ಎರಡೂವರೆ ಲಕ್ಷ ಐದೂವರೆ ವರ್ಷದಲ್ಲಿ ವಾಪಸ್. ಚೌಕಾಸಿ ಮಾಡಿ ಬೆಲೆಯನ್ನು ಹದಿಮೂರೂವರೆಗೆ ಇಳಿಸಿದರೆ ಇನ್ನೂ ಬೇಗ. ಸಾಗರದ ಹೈವೇಯಲ್ಲಿ ಇಷ್ಟು ಲಾಭ ಸಿಗುವುದಿಲ್ಲ, ಅಲ್ಲಿ ಎಂಜಿನ್‌ಗೇ ಕೆಲಸ ಜಾಸ್ತಿ.

ಇನ್ನು ಮಾವನವರ ಮಾತು. ಅವರ ಭಯ ಸುಮ್ಮನೆ ಬಂದದ್ದಲ್ಲ. ಆದರೆ ಈ ಕಾರಿನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ, ಯಾವುದು ಮೊದಲೋ ಅದು. 2023ರ ಗಾಡಿ ಅಂದರೆ 2031ರವರೆಗೆ. ಚಾಸಿ ನಂಬರ್ ತೆಗೆದುಕೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ. ಸರ್ವಿಸ್ ದಾಖಲೆ ನೋಡಿ, ಮಾಲೀಕರು ಬದಲಾದ ಮೇಲೂ ವಾರಂಟಿ ನಡೆಯುತ್ತದೆ ಅಂತ ಬರೆಸಿಕೊಳ್ಳಿ. ಬ್ಯಾಟರಿಯನ್ನು ಕಂಪ್ಯೂಟರಿಗೆ ಹಾಕಿಸಿ ರಿಪೋರ್ಟ್ ಪಡೆಯಿರಿ. ಅದಕ್ಕೆ ಖರ್ಚಾಗುವ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ.

ನನ್ನ ಗ್ಯಾರೇಜಿಗೆ ಒಮ್ಮೆ ಹಳೆ ಹೈಬ್ರಿಡ್ ಸೆಡಾನ್ ಬಂದಿತ್ತು. ಡ್ಯಾಶ್‌ಬೋರ್ಡಲ್ಲಿ ಕೆಂಪು ಎಚ್ಚರಿಕೆ. ಮಾಲೀಕರು ಬ್ಯಾಟರಿ ಸತ್ತಿತು ಅಂದುಕೊಂಡು ಮುಖ ಸಣ್ಣ ಮಾಡಿಕೊಂಡಿದ್ದರು. ಬಿಚ್ಚಿ ನೋಡಿದರೆ, ಬ್ಯಾಟರಿಯನ್ನು ತಂಪಾಗಿಡುವ ಫ್ಯಾನಿನ ತುಂಬ ನಾಯಿಯ ಕೂದಲು, ಧೂಳು! ಶುಚಿ ಮಾಡಿದ ಮೇಲೆ ಗಾಡಿ ಸರಿಹೋಯಿತು. ಇಂಥ ಬ್ಯಾಟರಿಗಳು ಒಳಗಿನ ತಂಪು ಗಾಳಿಯನ್ನೇ ಉಸಿರಾಡುತ್ತವೆ. ಆ ಗಾಳಿಕಿಂಡಿ ಎಲ್ಲಿದೆ ಅಂತ ಕೇಳಿ, ಟಾರ್ಚ್ ಹಿಡಿದು ನೋಡಿ. ಕೊಂಡ ಮೇಲೂ ಅದರ ಮುಂದೆ ಚೀಲ, ಬಟ್ಟೆ ಒಟ್ಟಬೇಡಿ.

ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗಿ. ‘ನಾನು ಬರೋ ಮುಂಚೆ ಸ್ಟಾರ್ಟ್ ಮಾಡಬೇಡಿ’ ಅಂತ ಮಾರುವವರಿಗೆ ಹೇಳಿಟ್ಟಿರಿ. ನಿಧಾನವಾಗಿ ಓಡಿಸಿ, ಎಂಜಿನ್ ಆನ್ ಆಗುವಾಗ ಜರ್ಕ್ ಹೊಡೆಯುತ್ತದಾ ಗಮನಿಸಿ. ಬ್ರೇಕ್ ಪ್ಯಾಡ್ ನೋಡಿಸಿ. ಹೈಬ್ರಿಡ್ಡಿನಲ್ಲಿ ಅವು ನಿಧಾನವಾಗಿ ಸವೆಯುತ್ತವೆ. 52 ಸಾವಿರಕ್ಕೇ ಪೂರ್ತಿ ತೆಳ್ಳಗಾಗಿದ್ದರೆ ಮೀಟರ್ ಮೇಲೆ ನನಗೆ ಅನುಮಾನ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕೆಸರಿನ ಕಲೆ ಕಂಡರೆ, ಮಳೆ ನೀರಲ್ಲಿ ಮುಳುಗಿದ ಗಾಡಿ ಇರಬಹುದು. ಆಗ ಹತ್ತು ಲಕ್ಷಕ್ಕೆ ಕೊಟ್ಟರೂ ಬೇಡ, ಎದ್ದು ಬನ್ನಿ.

ಕಾಗದಪತ್ರ ಮಾಮೂಲಿಯಂತೆ: ಹೆಸರು ಬದಲಾವಣೆಗೆ ಫಾರ್ಮ್ 29, 30, ಗಾಡಿ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35.

ಇನ್ನೊಂದು ಮಾತು. ಬ್ಯಾಟರಿ ಹಿಂದೆ ಕೂತಿರುವುದರಿಂದ ಇದರ ಡಿಕ್ಕಿ ಚಿಕ್ಕದು. ತವರಿಂದ ಬರುವಾಗ ತೆಂಗಿನಕಾಯಿ, ಹಲಸಿನಹಣ್ಣು, ಉಪ್ಪಿನಕಾಯಿ ಜಾಡಿ ಎಲ್ಲ ಇರುತ್ತವಲ್ವಾ? ನೋಡಲು ಹೋಗುವಾಗ ನಿಮ್ಮ ದೊಡ್ಡ ಸೂಟ್‌ಕೇಸ್ ಒಯ್ದು ಇಟ್ಟು ನೋಡಿ. ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬ್ಯಾಟರಿ ರಿಪೋರ್ಟನ್ನು ಅವರ ಕೈಗೇ ಕೊಡಿ.