ಬೆರಳಷ್ಟು ಗಾಜಿನ ಚಿಪ್ ಇಟ್ಕೊಂಡು ಎಣ್ಣೆ ನಿಕ್ಷೇಪ ಸ್ಟಡಿ ಮಾಡ್ತಾರಂತ, ನಿಜಾನಾ? ಇಲ್ಲಾ ಬರೀ ರಿಸರ್ಚ್ ಪೇಪರ್ ಬರೆಯಾಕ ಮಾಡೋ ಕೆಲಸಾನಾ?

ನಿಜಾನೇ ರೀ. ನಾನು ಬಳ್ಳಾರಿಯವ, ಗಾಜಿನಾಗ ಸಣ್ಣ ದಾರಿ ಕೊರ್ದು ಎಣ್ಣೆ, ನೀರು ಹರಿಸಿ ನೋಡೋ ಈ ಚಿಪ್‌ಗಳ ಮ್ಯಾಲೇ ಕೆಲಸ ಮಾಡ್ತೀನಿ. ಊರಿಗೆ ಬಂದಾಗ "ನಮ್ಮ ಕಡೆನೂ ಎಣ್ಣೆ ಸಿಗ್ತದೇನು" ಅಂತ ಕೇಳ್ತಾರ, ಇಲ್ಲ, ನಮ್ದೆಲ್ಲಾ ಹಳೇ ಗ್ರಾನೈಟು, ಸಂಡೂರ ಕಡೆ ಕಬ್ಬಿಣದ ಅದಿರು, ಎಣ್ಣೆಗೆ ಬೇಕಾದ ಆ ಥರ ಪದರಗಲ್ಲೇ ಬ್ಯಾರೆ.

ಮೊದ್ಲು ಒಂದು ತಿಳ್ಕೊಳ್ರಿ, ನೆಲದಾಗ ಎಣ್ಣೆ ಕೆರೆ ಥರ ನಿಂತಿರಂಗಿಲ್ಲ, ಕಲ್ಲಿನ ಸಣ್ಣ ಸಣ್ಣ ತೂತಿನಾಗ ಇರ್ತದ. ಅದನ್ನ ದಬ್ಬಾಕ ನೀರು ಬಿಡ್ತಾರ, ಆದ್ರೂ ಸರಾಸರಿ ಮೂರ್ನೇ ಒಂದು ಭಾಗ ಹೊರಗ ಬಂದ್ರ ದೊಡ್ಡದು. ಬ್ಯಾಸಿಗ್ಯಾಗ ಬಿರುಕು ಬಿಟ್ಟ ಎರಿ ಹೊಲಕ್ಕ ಕಾಲುವಿ ನೀರು ಬಿಟ್ರ ಬಿರುಕು ಹಿಡ್ಕೊಂಡು ಓಡಿಬಿಡ್ತದಲ್ಲ, ನಡುವಿನ ಹೆಂಟಿ ಒಣಾನೇ ಉಳಿತದಲ್ಲ, ಹಂಗ. ತೆಳು ನೀರು ದಪ್ಪ ಎಣ್ಣೆನ ಸೀಳಿಕೊಂಡು ಬೆರಳು ಬೆರಳಾಗಿ ನುಗ್ತದ. ಇದರ ಲೆಕ್ಕಾನ ಸ್ಯಾಫ್‌ಮನ್ ಮತ್ತ ಟೇಲರ್ ಅನ್ನೋ ವಿಜ್ಞಾನಿಗಳು 1958ರಾಗೇ ಬರ್ದಿಟ್ಟಾರ.

ನೆಲದಿಂದ ಕೊರ್ದು ತೆಗೆದ ಕಲ್ಲಿನ ತುಂಡಿನಾಗ, ಅಂದ್ರ ಕೋರ್‌ನಾಗ, ಇದನ್ನ ಮಾಡಿದ್ರ ಒಳಕ್ಕ ಎಷ್ಟು ಹೋತು, ಹೊರಕ್ಕ ಎಷ್ಟು ಬಂತು ಅಷ್ಟೇ ಗೊತ್ತಾಗ್ತದ, ನಡುವ ಏನಾತು ಅಂತ ನೋಡ್ಬೇಕಂದ್ರ ಸಿಟಿ ಸ್ಕ್ಯಾನೇ ಬೇಕು. ಚಿಪ್‌ನಾಗ ಕೂದಲಿನಷ್ಟು ಅಗಲದ ದಾರಿ ಕೊರ್ದಿರ್ತಾರ, ಮೈಕ್ರೋಸ್ಕೋಪ್ ಕೆಳಗ ಇಟ್ರ ಕಂದು ಬಣ್ಣದ ಎಣ್ಣಿ ಹನಿ ಒಂದು ಕಿರಿದಾದ ಕುತ್ತಿಗ್ಯಾಗ ಸಿಕ್ಕೊಂಡು ನಿಂತಿದ್ದು ಕಣ್ಣಿಗೇ ಕಾಣ್ತದ, ಪಕ್ಕದಾಗೇ ನೀರು ಹರೀತಿದ್ರೂ ಅದು ಮಿಸುಕಾಡಂಗಿಲ್ಲ. ಸರ್ಫ್ಯಾಕ್ಟಂಟ್, ಅಂದ್ರ ಸೋಪಿನಂಥ ಕೆಮಿಕಲ್, ಬಿಟ್ರ ಅದೇ ಹನಿ ಮೆಲ್ಲಗ ಉದ್ದಕ್ಕ ಜಗ್ಗಿ, ದಾರದಂಗಾಗಿ, ಕಡಿದು ಹೋಗ್ತದ. ನನಗಂತೂ ಇದು ನೋಡಿ ಇನ್ನೂ ಬ್ಯಾಸರಾಗಿಲ್ಲ. ಯಾವ ಕೆಮಿಕಲ್ ನಡೀತದ, ಯಾವುದು ನಡೆಯಂಗಿಲ್ಲ ಅನ್ನೋದು ಬೇಗ ತಿಳೀತದ, ಎಣ್ಣೆ ಮಿಲಿಲೀಟರ್ ಕೂಡ ಬ್ಯಾಡ. ಎಣ್ಣೆ ದಬ್ಬಾಕ ನೀರಿನ ಬದ್ಲಿ ಸಿಒಟು (ಕಾರ್ಬನ್ ಡೈಆಕ್ಸೈಡ್) ಅನಿಲಾನೂ ಬಿಡ್ತಾರ, ಅದು ಯಾವ ಪ್ರೆಶರ್‌ನಾಗ ಎಣ್ಣಿಯೊಳಗ ಪೂರ್ತಿ ಬೆರೀತದ ಅಂತ ನೋಡಾಕ ಸ್ಲಿಮ್ ಟ್ಯೂಬ್‌ಗೆ, ಅಂದ್ರ ಮರಳು ತುಂಬಿದ ಉದ್ದನೆ ಸಣ್ಣ ಕೊಳವಿಗೆ, ದಿನಗಟ್ಲೆ, ಒಮ್ಮೊಮ್ಮೆ ವಾರಗಟ್ಲೆ ಬೇಕು, ಚಿಪ್‌ನಾಗ ತಾಸುಗಳ ಮಾತು.

ರಾಜಸ್ಥಾನದ ಬಾರ್ಮೇರ್ ಕಡೆ ಮಂಗಳಾ ಎಣ್ಣೆ ಫೀಲ್ಡ್‌ನಾಗ ನೀರಿಗೆ ಪಾಲಿಮರ್ ಕಲಿಸಿ ದಪ್ಪ ಮಾಡಿ ಬಿಡ್ತಾರ, ನೀರು ಬೆರಳು ಬಿಡದಂಗ ಸಮಾ ದಬ್ಬಲಿ ಅಂತ. ಅಂಥಾ ಪಾಲಿಮರ್ ಹೋಲಿಸಿ ನೋಡಾಕ ಚಿಪ್ ಭಾಳ ಅನುಕೂಲ.

ಹಂಗಂತ ಚಿಪ್ ನಂಬಿ ಬಾವಿಗೆ ರೊಕ್ಕ ಸುರಿಯಾಕ ಆಗಂಗಿಲ್ಲ. ಇದು ಚಪ್ಪಟಿ, ಕಲ್ಲಿನಾಗ ದಾರಿ ಮ್ಯಾಲೆ ಕೆಳಗ ಎಲ್ಲಾ ಕಡೆ ಕೂಡಿರ್ತಾವ. ಗಾಜಿಗೆ ನೀರು ಅಂಟ್ತದ, ಭಾಳಷ್ಟು ಸುಣ್ಣಕಲ್ಲಿನ ನಿಕ್ಷೇಪಕ್ಕ ಎಣ್ಣಿನೇ ಅಂಟಿರ್ತದ, ಅದಕ್ಕ ಗಾಜಿಗೂ ಎಣ್ಣಿ ಅಂಟೋ ಹಂಗ ಕೋಟಿಂಗ್ ಮಾಡ್ಬೇಕು. ಕೊನಿಗೆ ಕೋರ್ ಟೆಸ್ಟ್ ಬೇಕೇ ಬೇಕು.

ನೀವು ಕೊಪ್ಪಳದಾಗ ಕೆಮಿಕಲ್ ಎಂಜಿನಿಯರಿಂಗ್ ಓದ್ತಿದೀನಿ, ಪ್ರಾಜೆಕ್ಟ್‌ಗೆ ಆಗ್ತದೇನು ಅಂತ ಕೇಳೀರಿ. ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಚಿಪ್ ಅಗ್ಗ ಅಂತ ಅದರ ಹಿಂದ ಬೀಳಬ್ಯಾಡ್ರಿ, ಹೆಕ್ಸೇನ್, ಟಾಲ್ಯೂಯಿನ್‌ನಂಥ ದ್ರಾವಕ ಮುಟ್ಟಿದ್ರ ಉಬ್ಬತದ. ಎರಡು ದಪ್ಪ ಗಾಜಿನ ಹಲಗಿ ತಗೊಳ್ರಿ, ಒಂದಕ್ಕ ನಡುವ ತೂತು ಹಾಕಿಸ್ರಿ, ಮೂಲ್ಯಾಗ ತೆಳು ಪ್ಲಾಸ್ಟಿಕ್ ಚೂರು ಇಟ್ಟು ಸಂದು ಬಿಡ್ರಿ, ಗ್ಲಿಸರಿನ್ ತುಂಬಿ ಬಣ್ಣದ ನೀರು ಸಿರಿಂಜ್‌ನಿಂದ ಬಿಡ್ರಿ, ಬೆರಳು ಅಲ್ಲೇ ಕಾಣ್ತಾವ. ಆಮ್ಯಾಲ ನೀರು ದಪ್ಪ ಮಾಡಾಕ ಸ್ವಲ್ಪ ಕ್ಸಾಂಥನ್ ಗಮ್ (ಅಂಟಿನ ಪುಡಿ) ಕಲಸಿ ಮತ್ತೊಮ್ಮೆ ಮಾಡಿ, ಎರಡರ ವಿಡಿಯೋನೂ ಗೈಡ್‌ಗೆ ತೋರಿಸ್ರಿ.