ಮಾವಿಗೂ ಗೇರಿಗೂ ಎಲ್ಲಿಂದ ನಂಟು?

ಪ್ರಶ್ನೆ: ಮಾವು, ಗೇರು ಎರಡೂ ಒಂದೇ ಕುಟುಂಬದ ಮರಗಳು ಎಂದು ಮಗಳ ಪಾಠದಲ್ಲಿ ಓದಿದೆ. ಗೇರು ಬ್ರೆಜಿಲ್‌ನದು, ಪೋರ್ಚುಗೀಸರು ತಂದರು ಅಂತಾರೆ. ಮಾವು ನಮ್ಮದೇ. ನಡುವೆ ಅಷ್ಟು ದೊಡ್ಡ ಸಮುದ್ರ ಇರುವಾಗ ಇವು ನೆಂಟರಾಗಿದ್ದು ಹೇಗೆ ಮಾಸ್ತರ್ರೇ?
– ಕುಮಟಾದ ಓದುಗರು

ಉತ್ತರ: ಸಮುದ್ರದ ಮಾತು ಆಮೇಲೆ. ಮೊದಲು ನಂಟು ನೋಡೋಣ, ಅದು ಹಿತ್ತಲಲ್ಲೇ ಕಾಣುತ್ತದೆ.

ಶಿರಸಿ ಕಡೆ ಅಪ್ಪೆಮಿಡಿ ಕೊಯ್ಯುವವರು ತೊಟ್ಟು ಮುರಿಯದ ಹಾಗೆ ಕೊಯ್ಯುತ್ತಾರೆ ಅಲ್ವಾ? ಸೊನೆ ಸೋರಿಹೋದರೆ ಪರಿಮಳವೂ ಹೋಯಿತು. ಅದೇ ಸೊನೆ ತುಟಿಗೆ ತಾಗಿದರೆ ಉರಿ, ಆಮೇಲೆ ಕಪ್ಪು ಕಲೆ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಇನ್ನೂ ಜೋರು. ನಾವು ಚಿಕ್ಕವರಿದ್ದಾಗ ಬೀಜ ಸುಡುವ ಬೆಂಕಿಯ ಹತ್ತಿರ ಅಜ್ಜಿ ನಮ್ಮನ್ನು ಬಿಡುತ್ತಿರಲಿಲ್ಲ, ಯಾಕೆಂದರೆ ಸಿಪ್ಪೆಯಿಂದ ಎಣ್ಣೆ ಚಿಮ್ಮಿ ಭಗ್ಗನೆ ಹತ್ತಿಕೊಳ್ಳುತ್ತಿತ್ತು, ಒಂದು ಹನಿ ಕೈಮೇಲೆ ಬಿದ್ದರೂ ಬೊಬ್ಬೆ. ಘಟ್ಟದ ಹೊಳಗೇರು ಮರದ ಸೊನೆಯೂ ಹಾಗೆಯೇ, ತಾಗಿದರೆ ಮೈಯೆಲ್ಲ ಊದಿಕೊಳ್ಳುತ್ತದೆ. ಇನ್ನು ಕಾಡುಗೇರು. ಅದರ ಕಾಯಿಯ ಕಪ್ಪು ರಸದಲ್ಲಿ ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದರು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಈ ಎಲ್ಲ ಸೊನೆಗಳಲ್ಲಿ ಸುಡುವ ವಸ್ತುಗಳು ಒಂದಕ್ಕೊಂದು ತೀರಾ ಹತ್ತಿರದವು. ಸುಮಾರು 80 ಪಂಗಡ, 800 ಪ್ರಭೇದಗಳ ದೊಡ್ಡ ಮನೆತನ ಇದು. ಅಮಟೆ, ಪಿಸ್ತಾ ಕೂಡ ಇದೇ ಮನೆಯವು.

ಇನ್ನೊಂದು ಗುರುತು ನನಗೆ ತುಂಬಾ ಇಷ್ಟ. ನಾವು ಗೇರುಹಣ್ಣು ಎಂದು ತಿನ್ನುವುದು ಹಣ್ಣಲ್ಲ, ಉಬ್ಬಿದ ತೊಟ್ಟು. ನಿಜವಾದ ಕಾಯಿ ಅದರ ಕೆಳಗೆ ನೇತಾಡುವ ಬೀಜ. ಈಗ ಒಂದು ಕಾಡುಗೇರು ಕಾಯಿ ಹಿಡಿದು ನೋಡಿ. ಕಪ್ಪು ಕಾಯಿಯ ಬುಡದಲ್ಲಿ ಕಿತ್ತಳೆ ಬಣ್ಣದ ಸಣ್ಣ ಉಬ್ಬು ಇರುತ್ತದೆ, ಗೇರುಹಣ್ಣನ್ನೇ ಚಿಕ್ಕದು ಮಾಡಿ ಅಂಟಿಸಿದ ಹಾಗೆ. 16ನೇ ಶತಮಾನದಲ್ಲಿ ಬ್ರೆಜಿಲ್ ಮರ ಈ ಕರಾವಳಿಗೆ ಬಂದಾಗ ನಮ್ಮವರು ಕಾಡುಮರದ ಹಳೇ ಹೆಸರು ‘ಗೇರು’ ಎನ್ನುವುದನ್ನೇ ಅದಕ್ಕೂ ಕೊಟ್ಟರು. ಯುರೋಪಿನಲ್ಲೂ ನಡೆದದ್ದು ಇದೇ. ‘ಅನಕಾರ್ಡಿಯಂ’ ಎಂದು ಅಲ್ಲಿನ ಔಷಧಿ ಮಾರುವವರು ಮೊದಲು ಕರೆಯುತ್ತಿದ್ದುದು ನಮ್ಮ ಕಾಡುಗೇರನ್ನು. 1753ರಲ್ಲಿ ಗಿಡಮರಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಲಿನೇಯಸ್ ಆ ಹೆಸರನ್ನು ಗೋಡಂಬಿ ಮರಕ್ಕೆ ದಾಟಿಸಿದ. ಒಬ್ಬರನ್ನೊಬ್ಬರು ನೋಡದ ಎರಡು ಕಡೆಯ ಜನ ಒಂದೇ ಹೋಲಿಕೆಯನ್ನು ಗುರುತಿಸಿದ್ದರು! ಕಾರವಾರದ ಕೊಂಕಣಿಯವರ ‘ಕಾಜು’ ಮಾತ್ರ ಮರದ ಜೊತೆಗೇ ಹಡಗು ಹತ್ತಿ ಬಂದ ಮಾತು, ಅದರ ಮೂಲ ಬ್ರೆಜಿಲ್‌ನ ತುಪಿ ಭಾಷೆಯ ‘ಅಕಾಜು’.

ಇನ್ನು ಸಮುದ್ರ. ಆಫ್ರಿಕಾ, ದಕ್ಷಿಣ ಅಮೆರಿಕ ಬೇರೆಯಾಗಿ ಸುಮಾರು 10 ಕೋಟಿ ವರ್ಷವಾಯಿತು, ಗೇರಿನ ಕಾಲಕ್ಕೆ ನಡುವೆ ಆಗಲೇ ಸಮುದ್ರವಿತ್ತು. ಆದರೂ ಗೇರಿನ ಅತಿ ಹತ್ತಿರದ ನೆಂಟ ಇರುವುದು ಆಫ್ರಿಕಾದಲ್ಲಿ, ಫೆಗಿಮಾನ್ರಾ ಎಂದು. ಅದಕ್ಕೂ ಉಬ್ಬಿದ ತೊಟ್ಟು. ಹಾಗಾದರೆ ಇವು ದಾಟಿದ್ದು ಎಲ್ಲಿ? ಉತ್ತರ ಸಿಕ್ಕಿದ್ದು ಯಾರೂ ಹುಡುಕದ ಜಾಗದಲ್ಲಿ, ಜರ್ಮನಿಯ ಮೆಸೆಲ್ ಎಂಬ ಹಳೇ ಗಣಿಯಲ್ಲಿ. ಅಲ್ಲಿನ 4.7 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಗೇರುಬೀಜದ ಪಳೆಯುಳಿಕೆ ಇದೆ, ಉಬ್ಬಿದ ತೊಟ್ಟಿನ ಸಮೇತ. ಇವತ್ತು ಹಿಮ ಬೀಳುವ ಜರ್ಮನಿಯಲ್ಲಿ! ಆಗ ಭೂಮಿ ಈಗಿಗಿಂತ ತುಂಬಾ ಬೆಚ್ಚಗಿತ್ತು, ಯುರೋಪಿನಲ್ಲಿ ಮೊಸಳೆಗಳೂ ಇದ್ದವು. ಯುರೋಪಿನಿಂದ ಗ್ರೀನ್‌ಲ್ಯಾಂಡ್ ಕಡೆಯಿಂದ ಅಮೆರಿಕಕ್ಕೆ ನೆಲದ ದಾರಿಯೂ ಇತ್ತು. ಈ ಮನೆತನದ ಮರಗಳು ಉತ್ತರವನ್ನು ಸುತ್ತಿ ಹರಡಿದವು, ಆಮೇಲೆ ಚಳಿ ಬಂದು ನಡುವಿನ ಮರಗಳೆಲ್ಲ ಸತ್ತವು, ಎರಡು ತುದಿ ಮಾತ್ರ ಉಳಿದವು. ಪಳೆಯುಳಿಕೆ ಓದಿದವರು ಕಟ್ಟುವ ಕಥೆ ಹೀಗೆ, ನನಗೂ ಇದೇ ಸರಿ ಕಾಣುತ್ತದೆ.

ಮಾವಿನದು ಬೇರೆ ದಾರಿ. ಅದರ ಒಡಹುಟ್ಟಿದ ಬಗೆಗಳು ಅತಿ ಜಾಸ್ತಿ ಇರುವುದು ಮಲಯಾ, ಸುಮಾತ್ರ, ಬೋರ್ನಿಯೊ ಕಡೆ. ಆದರೆ ಮಾವಿನ ಎಲೆಯನ್ನೇ ಹೋಲುವ, ಸುಮಾರು 6 ಕೋಟಿ ವರ್ಷ ಹಳೆಯ ಎಲೆಯ ಅಚ್ಚು ಸಿಕ್ಕಿದ್ದು ನಮ್ಮ ಮೇಘಾಲಯದಲ್ಲಿ.

ಪ್ರಶ್ನೆ: ಭಾರತ ತೇಲಿಕೊಂಡು ಬಂದು ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು ಅಂತಾರಲ್ಲ, ಆಗ ಮರಗಳೂ ಜೊತೆಗೇ ಬಂದವಾ?
– ಸಿದ್ದಾಪುರದಿಂದ

ಉತ್ತರ: ಬಂದವು. ನಿಮ್ಮ ಕಡೆಯ ಹೈಗದ ಮರ, ಧೂಪದ ಮರ ಎರಡೂ ಅಂಥ ಪ್ರಯಾಣ ಮಾಡಿದ ಇನ್ನೊಂದು ಮನೆತನದವು, ಮಾವು-ಗೇರಿನದಲ್ಲ. ಹೈಗದ ಕಾಯಿ ನೋಡಿದ್ದೀರಾ? ಎರಡು ಉದ್ದ ರೆಕ್ಕೆ ಇರುತ್ತವೆ. ಗಿರಗಿರ ತಿರುಗುತ್ತಾ ಇಳಿಯುತ್ತದೆ, ಆದರೆ ಹೆಚ್ಚು ದೂರ ಹೋಗುವುದಿಲ್ಲ, ತಾಯಿಮರದ ಸುತ್ತಮುತ್ತಲೇ ಬೀಳುತ್ತದೆ. ಬೀಜಕ್ಕೆ ಆಯುಷ್ಯವೂ ಕಡಿಮೆ. ಸಮುದ್ರ ದಾಟುವ ಮಾತೇ ಇಲ್ಲ.

ಆದರೂ ಇದೇ ಮನೆತನದ ಮರಗಳು ಆಫ್ರಿಕಾದಲ್ಲಿವೆ, ಹತ್ತಿರದ ನೆಂಟರು ಮಡಗಾಸ್ಕರ್‌ನಲ್ಲಿದ್ದಾರೆ, ಬೋರ್ನಿಯೊದ ಕಾಡಿನ ಎತ್ತರದ ಮರಗಳಲ್ಲಿ ಮುಕ್ಕಾಲು ಪಾಲು ಸುಮ್ನೆ ಇವೇ ಎಂದರೂ ನಡೆಯುತ್ತದೆ. ಭಾರತ ಮಡಗಾಸ್ಕರ್‌ನಿಂದ ಕಳಚಿಕೊಂಡಿದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಏಷ್ಯಾಕ್ಕೆ ತಾಗಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಹೆಚ್ಚುಕಡಿಮೆ ಅದೇ ಕಾಲದ ಅಂಬರು ಸಿಕ್ಕಿದೆ, ಅಂದರೆ ಕಲ್ಲಾದ ಮರದಂಟು. ಪರೀಕ್ಷೆ ಮಾಡಿದರೆ ಅದು ಇದೇ ಮನೆತನದ ಅಂಟು! ನೀವು ದೇವರ ಮುಂದೆ ಕೆಂಡಕ್ಕೆ ಹಾಕುವ ಧೂಪದ ಅಂಟಿನ ಅಣ್ಣತಮ್ಮ. ಒಳಗೆ ಸಿಕ್ಕಿಬಿದ್ದ ಜೇನುಹುಳ, ಗೆದ್ದಲು ಇನ್ನೂ ಹಾಗೇ ಇವೆ. ನೆಲದ ಬೆನ್ನೇರಿ ಬಂದ ಮರಗಳು ದಾರಿ ಸಿಕ್ಕ ಮೇಲೆ ಪೂರ್ವಕ್ಕೆ ಇಳಿದು ಅಲ್ಲಿ ನೂರಾರು ಬಗೆಯಾದವು.

ಒಂದು ಮಾತು ಹೇಳಿಬಿಡುತ್ತೇನೆ. ಧೂಪ ತೆಗೆಯುವಾಗ ತೊಗಟೆಗೆ ಆಳವಾಗಿ ಕಚ್ಚು ಹಾಕಿ, ಬುಡಕ್ಕೆ ಬೆಂಕಿ ಇಟ್ಟು ಮರ ಕೊಲ್ಲುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡುವವರಿಗೂ ಹೇಳಿ.

ಪ್ರಶ್ನೆ: ಕಾಳಿ ನದಿಯ ಅಳಿವೆಯಲ್ಲಿರುವ ಕಾಂಡ್ಲಾ ಗಿಡ ಆಫ್ರಿಕಾದಲ್ಲೂ ಇದೆಯಂತೆ. ಅದೂ ನೆಲದ ಜೊತೆಗೇ ಬಂದದ್ದಾ?
– ಕಾರವಾರದಿಂದ

ಉತ್ತರ: ಇಲ್ಲ, ಇದು ತೇಲಿಯೇ ಹರಡಿದ್ದು. ಕಾಂಡ್ಲಾದ ಬೀಜ ಮರದ ಮೇಲೇ ಮೊಳೆಯುತ್ತದೆ. ನುಗ್ಗೆಕಾಯಿ ಹಾಗೆ ಉದ್ದ ನೇತಾಡುವುದು ಕಾಯಲ್ಲ, ಆಗಲೇ ಹುಟ್ಟಿದ ಸಸಿ. ಇಳಿತದಲ್ಲಿ ಬಿದ್ದರೆ ಕೆಸರಿಗೆ ನಾಟಿ ಅಲ್ಲೇ ನಿಲ್ಲುತ್ತದೆ, ಭರತದಲ್ಲಿ ಬಿದ್ದರೆ ತೇಲಿಹೋಗುತ್ತದೆ, ಉಪ್ಪುನೀರಲ್ಲಿ ವಾರಗಟ್ಟಲೆ ಇದ್ದರೂ ಸಾಯುವುದಿಲ್ಲ. ಹೀಗೆ ಒಂದೇ ಪ್ರಭೇದ ಪೂರ್ವ ಆಫ್ರಿಕಾದಿಂದ ಪೆಸಿಫಿಕ್ ದ್ವೀಪಗಳ ತನಕ ಇದೆ. ಅಮೆರಿಕದ ಕಡೆಯದು ಮಾತ್ರ ಬೇರೆ ಪ್ರಭೇದ, ಯಾಕೆಂದರೆ ಆಫ್ರಿಕಾದ ದಕ್ಷಿಣ ತುದಿಯ ನೀರು ಇವಕ್ಕೆ ತೀರಾ ತಣ್ಣಗೆ. ಸದಾಶಿವಗಡದ ಸೇತುವೆ ಹತ್ತಿರ ದಡಕ್ಕೆ ಬಂದು ಬಿದ್ದ ಹಸಿರು ಕೋಲು ಸಿಕ್ಕರೆ ತುದಿ ನೋಡಿ. ಒಂದು ಕಡೆ ಬೇರು ಬಿಡಲು ಚೂಪು, ಇನ್ನೊಂದು ಕಡೆ ಎಲೆಯ ಮೊಗ್ಗು. ಕೆಸರಿನಲ್ಲಿ ಚೂಪು ತುದಿ ಕೆಳಗೆ ಮಾಡಿ ಊರಿಬಿಡಿ, ಬದುಕುತ್ತದೆ.